ಮೂರು ಮ್ಯಾಂಡೊಲಿನ್, ಆರು ಕಪ್ಪು ಬಿಲ್ಲೆ

"ಬರೋ ಭಾನುವಾರ ಕತ್ತಲಾಗೋದ್ರೊಳಗೆ, ತಪ್ಪು ನನ್ನದಲ್ಲ, ವಾದ್ಯದ್ದು ಅಂತ ಈ ಮನೆಯೋರಿಗೆಲ್ಲ ಸಾಬೀತು ಮಾಡಿ ತೋರಿಸ್ತೀನಿ!"

ಹೀಗೆಂದು ಕನ್ನಡಕದಂಗಡಿಯ ಯಜಮಾನರು ಊಟದ ಮೇಜನ್ನು ಗುದ್ದಿದರು. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ಮಗಳ ಗಣಿತದ ಪುಸ್ತಕ ತೊಯ್ದುಹೋಯಿತು. ಆ ಮನೆಯಲ್ಲಿ ಯಜಮಾನರ ಸಂಗೀತದಿಂದ ಯಾರಿಗಾದರೂ ಉಪಕಾರವಾದದ್ದು ಅದೇ ಮೊದಲು.

"ಕುಣಿಯಲಾರದವಳು ನೆಲ..." ಎಂದು ಅವರ ಅಮ್ಮ ಬಾಯಿ ತೆರೆದರು.

"ಅಮ್ಮಾ! ಆ ಗಾದೆ ಈ ಮನೇಲಿ ಎತ್ತಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

ಯಜಮಾನರ ಸಂಕಟಕ್ಕೆ ಕಾರಣವಿತ್ತು. ಐವತ್ತೊಂದನೆಯ ವಯಸ್ಸಿನಲ್ಲಿ, ಹತ್ತು ತಿಂಗಳ ಹಿಂದೆ, ಅವರು ಮ್ಯಾಂಡೊಲಿನ್ ತರಗತಿಗೆ ಸೇರಿದ್ದರು. ಕಲಿಸುವಾಕೆಗೆ ಇಪ್ಪತ್ತಾರು. ಜೊತೆಯ ವಿದ್ಯಾರ್ಥಿಗಳಿಗೆ ತಲಾ ಎಂಟು. ಅವರ ಜೊತೆ ಸೇರಿದ್ದ ಮಕ್ಕಳೆಲ್ಲ ಮೇಲಿನ ತರಗತಿಗೆ ಹೋದರು. ಆಮೇಲೆ ಸೇರಿದವರೂ ಹೋದರು. ಯಜಮಾನರು ಮಾತ್ರ ನೆಟ್ಟ ಕಂಬದ ಹಾಗೆ ಮೊದಲನೆಯ ಪಾಠದಲ್ಲೇ ನಿಂತಿದ್ದರು. ಕೊನೆಗೆ ಟೀಚರಮ್ಮ ಗಡುವು ಕೊಟ್ಟೇಬಿಟ್ಟರು. "ಸರ್, ಈ ತಿಂಗಳ ಕೊನೇಲಿ ಈ ಒಂದು ಪಾಠ ಗರಗರ ಇಲ್ದೆ ನುಡಿಸಿ, ಮೇಲಿನ ತರಗತಿಗೆ ಕಳಿಸ್ತೀನಿ. ಇಲ್ಲಾಂದ್ರೆ ಹೊಸ ಮಕ್ಕಳ ಜೊತೆ ಮತ್ತೆ ಮೊದಲಿಂದ." ಹೊಸ ಮಕ್ಕಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ!

ಗರಗರ ತಮ್ಮದಲ್ಲ, ಹಳೆಯ ಮ್ಯಾಂಡೊಲಿನ್ನಿನದು ಎಂಬುದು ಯಜಮಾನರ ಅಚಲ ನಂಬಿಕೆ. ಅದನ್ನು ಅವರು ಯಾರದೋ ಅಟ್ಟದಿಂದ ಅಗ್ಗಕ್ಕೆ ಕೊಂಡಿದ್ದರು. ಆದ್ದರಿಂದ ಹೊಸದು ಬೇಕು. ಅದೂ ಅಗ್ಗಕ್ಕೇ ಬೇಕು.

ಶನಿವಾರ ಸಂಜೆ ವಾದ್ಯದಂಗಡಿಗೆ ಹೋಗಿ, "ಕಡಿಮೆ ಬೆಲೇಲಿ ಬಹಳ ಒಳ್ಳೇದು ತೋರಿಸಿ" ಎಂದರು.

ವಾದ್ಯದಂಗಡಿಯವರು ಇವರ ಗಿರಾಕಿಯೇ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಕಾಣುವ ಹೊಸ ಕನ್ನಡಕವನ್ನು ಆ ವಾರವಷ್ಟೇ ಹಾಕಿಸಿಕೊಂಡಿದ್ದರು. ಅವರು ಅದರ ಮೇಲಿನಿಂದ ನೋಡಿ, "ನಾನೂ ನಿಮ್ಮ ಅಂಗಡೀಲಿ ಅದೇ ಕೇಳಿದ್ನಲ್ಲ, ಆಗ ಏನಂದ್ರಿ?" ಎಂದರು.

"ಕಣ್ಣಿನ ವಿಷಯದಲ್ಲಿ ಜಿಪುಣತನ ಮಾಡ್ಬೇಡಿ ಅಂದೆ."

"ಕಿವಿ ಏನು ಪಾಪ ಮಾಡಿತ್ತು?"

ಅವರು ಮೂರು ಮ್ಯಾಂಡೊಲಿನ್ ಇಳಿಸಿದರು. ಒಂದು ಪೂರ್ತಿ ಪ್ಲೈವುಡ್ಡಿನದು. ಎರಡನೆಯದಕ್ಕೆ ಮುಂದಿನ ಹಲಗೆ ಮಾತ್ರ ಗಟ್ಟಿಮರ, ಉಳಿದದ್ದು ಪ್ಲೈವುಡ್. ಮೂರನೆಯದು ಇಡಿಯಾಗಿ ಗಟ್ಟಿಮರ, ಬೆಲೆಯೂ ಅಷ್ಟೇ ಗಟ್ಟಿ. "ಕಲಿಯೋರಿಗೆ ನಡುವಿನದು ಸಾಕು. ತಂತಿ ತೀರಾ ಎತ್ತರ ಇಲ್ದಂಗೆ ಸರಿ ಮಾಡಿಸ್ಕೊಂಡ್ರೆ ವರ್ಷಗಟ್ಟಲೆ ಬರುತ್ತೆ" ಎಂದರು. ಇದಕ್ಕಿಂತ ಒಳ್ಳೆಯ ಸಲಹೆ ಯಾರೂ ಕೊಡಲಾರರು. ಆದರೆ ಯಜಮಾನರು ಸ್ವತಃ ಮಾರುವವರಾದ್ದರಿಂದ ಮಾರುವವರ ಮಾತನ್ನು ನಂಬುತ್ತಿರಲಿಲ್ಲ.

ಅವರಿಗೆ ತಮ್ಮದೇ ಆದ ಶಾಸ್ತ್ರವಿತ್ತು. ಇಪ್ಪತ್ತೆರಡು ವರ್ಷದಿಂದ ಅಂಗಡಿಯಲ್ಲಿ ಗಿರಾಕಿಗಳ ಮೂಗಿನ ಮೇಲೆ ಉಕ್ಕಿನ ದುಂಡು ಫ್ರೇಮು ಕೂರಿಸಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿದೆಯೋ, ಇದೋ? ಮೊದಲನೇದೋ, ಎರಡನೇದೋ?" ಎಂದು ಕೇಳಿ ಕೇಳಿ ಸತ್ಯ ಹೊರಡಿಸಿದ ಕೈ ಅದು. ಮ್ಯಾಂಡೊಲಿನ್ನಿಗೂ ಅದೇ ಪರೀಕ್ಷೆ! ಒಂದು ದಿನದ ಮಟ್ಟಿಗೆ ಮೂರನ್ನೂ ಕಡ ಪಡೆದು ಬಸ್ಸು ಹತ್ತಿದರು. ಬೆನ್ನಿಗೊಂದು, ಎದೆಗೊಂದು, ಪಕ್ಕದ ಸೀಟಿನಲ್ಲಿ ಒಂದು.

"ಕೂತಿರೋದಕ್ಕೂ ಟಿಕೆಟ್ ತಗೊಳ್ಳಿ" ಎಂದ ಕಂಡಕ್ಟರು.

ಭಾನುವಾರ ಮಧ್ಯಾಹ್ನ ಹಾಲಿನ ಸೋಫಾದ ಮೇಲೆ ಮೂವರು ತೀರ್ಪುಗಾರರು ಸಾಲಾಗಿ ಆಸೀನರಾದರು: ಅಮ್ಮ, ಮಗಳು, ಮತ್ತು ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರು. ಮೂವರ ಮೂಗಿನ ಮೇಲೂ ಅಂಗಡಿಯಿಂದ ತಂದ ಉಕ್ಕಿನ ಫ್ರೇಮು, ಅದರೊಳಗೆ ಗಾಜಿನ ಬದಲು ಕಣ್ಣು ಮುಚ್ಚುವ ಎರಡೆರಡು ಕಪ್ಪು ಬಿಲ್ಲೆ. ವಾದ್ಯ ಯಾವುದೆಂದು ಕಂಡರೆ ಕಿವಿ ಮೋಸಹೋಗುತ್ತದಲ್ಲ!

"ನನಗೆಲ್ಲಿ?" ಎಂದಳು ಹೆಂಡತಿ.

"ನೀನು ತೀರ್ಪುಗಾರಳಲ್ಲ, ಪಕ್ಷಪಾತಿ. ಒಂದೊಂದೇ ವಾದ್ಯ ನನ್ನ ಕೈಗೆ ಕೊಡು, ಸಾಕು. ಹೊಸ ಮೂರು ಮೊದಲು, ಕೊನೆಗೆ ಹಳೇದು."

"ಇವರೆಲ್ಲ ಹಳೇದೇ ಚೆನ್ನಾಗಿದೆ ಅಂದ್ಬಿಟ್ರೆ?"

ಯಜಮಾನರು ಗಹಗಹಿಸಿ ನಕ್ಕರು. "ಅಂದ್ರೆ ಈ ಜನ್ಮದಲ್ಲಿ ಹೊಸ ಮ್ಯಾಂಡೊಲಿನ್ ಮಾತೇ ಎತ್ತಲ್ಲ. ಹಾಲುಹಲ್ಲಿನ ಮಕ್ಕಳ ಜೊತೇಲೇ ಕೂತ್ಕೋತೀನಿ. ಇದು ನನ್ನ ಆಣೆ!"

ಮೊದಲನೆಯದನ್ನು ನುಡಿಸಿದರು. "ಗರಗರ" ಎಂದರು ಅಮ್ಮ.

ಎರಡನೆಯದಕ್ಕೆ ಶ್ರುತಿ ಕೂಡಿಸುವ ಉತ್ಸಾಹದಲ್ಲಿ ಬಿರಡೆಯನ್ನು ಒಂದು ಸುತ್ತು ಹೆಚ್ಚೇ ತಿರುಗಿಸಿದರು. ತಂತಿ ಫಟ್ಟೆಂದು ಹರಿದು, ಅದರ ತುದಿ ಹಾರಿ ಅಮ್ಮನ ಫ್ರೇಮಿಗೆ ಟಿಣ್ಣೆಂದು ಬಡಿಯಿತು. ಬಿಲ್ಲೆ ಇಲ್ಲದಿದ್ದರೆ ಕಣ್ಣಿಗೇ ಸಂಚಕಾರ! ಎಲ್ಲರೂ ಬೆಚ್ಚಿದರು. ಅಮ್ಮ ಮಾತ್ರ ಅಲುಗಾಡದೆ, "ಇದು ಪರವಾಗಿಲ್ಲ. ಇಷ್ಟೊತ್ತಿಗೆ ಒಂದು ಸ್ವರ ನೆಟ್ಟಗೆ ಬಂತು" ಎಂದರು.

ತಂತಿಗಳು ಜೋಡಿಜೋಡಿಯಾಗಿ ಇರುವ ವಾದ್ಯವಾದ್ದರಿಂದ ಒಂದು ಹೋದರೂ ನಡೆಯುತ್ತದೆ. ಯಜಮಾನರು ನಡೆಸಿದರು. ಆಮೇಲೆ ಮೂರನೆಯದನ್ನು ಎತ್ತಿಕೊಂಡು ಕಣ್ಣುಮುಚ್ಚಿ, ತಲೆದೂಗಿ, ಭುಜ ಕುಣಿಸಿ, ಜೀವಮಾನದಲ್ಲಿ ಎಂದೂ ನುಡಿಸದಷ್ಟು ಭಾವಪೂರ್ಣವಾಗಿ ನುಡಿಸಿದರು.

"ಅಪ್ಪಾ, ಇದು ತುಂಬಾ ದುಬಾರಿ ಗರಗರ ಇರ್ಬೇಕು" ಎಂದಳು ಮಗಳು.

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ವಾದ್ಯದಂಗಡಿಯವರು! ಹೊಸ ಕನ್ನಡಕದಲ್ಲಿ ಮಹಡಿ ಮೆಟ್ಟಿಲು ತೇಲುವಂತೆ ಕಾಣುತ್ತಿದೆಯಂತೆ. ಅರ್ಧ ಇಳಿದವರು ಮೇಲಕ್ಕೂ ಹೋಗಲಾರದೆ, ಕೆಳಕ್ಕೂ ಬರಲಾರದೆ ಕಂಬಿ ಹಿಡಿದು ನಿಂತಿದ್ದಾರೆ. ವೃತ್ತಿಯ ಮರ್ಯಾದೆಯ ಪ್ರಶ್ನೆ. ಯಜಮಾನರು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು.

"ಕಣ್ಣು ಕೆಳಗೆ ಮಾಡ್ಬೇಡಿ, ಕತ್ತು ಬಗ್ಗಿಸಿ. ಹಾಂ! ಈಗ ಒಂದು ಕಾಲು... ಏನು, ಕನ್ನಡಕ ಬದಲಾಯಿಸಬೇಕಾ? ಯಾಕೆ ಸ್ವಾಮಿ? ಕನ್ನಡಕದ್ದೇನೂ ತಪ್ಪಿಲ್ಲ, ನೀವು ನೋಡೋ ರೀತಿ ತಪ್ಪು! ಅಭ್ಯಾಸ ಮಾಡ್ಕೊಳ್ಳಿ, ಅಭ್ಯಾಸ!"

ಹದಿನಾಲ್ಕು ಮೆಟ್ಟಿಲನ್ನು ಒಂದೊಂದಾಗಿ ಇಳಿಸಿ, ಬೆವರೊರೆಸಿಕೊಂಡು ಯಜಮಾನರು ಬಾಗಿಲು ತೆರೆದರೆ, ಒಳಗೆ ಚಪ್ಪಾಳೆ! ಮೂವರೂ ಕಪ್ಪು ಬಿಲ್ಲೆಯಲ್ಲೇ ಮುಖ ಅರಳಿಸಿ ಕುಳಿತಿದ್ದರು. ಅಮ್ಮನ ಕಾಲು ತಾಳ ಹಾಕುತ್ತಿತ್ತು.

"ಇದು! ಇದನ್ನೇ ತಗೋ. ಬೆಲೆ ಎಷ್ಟಾದ್ರೂ ಆಗ್ಲಿ" ಎಂದರು ಅಮ್ಮ.

"ಎಂಥಾ ನಾದ ಸ್ವಾಮಿ! ಒಂದು ಚೂರು ಗರಗರ ಇಲ್ಲ" ಎಂದರು ಮೇಷ್ಟ್ರು.

ಯಜಮಾನರ ಎದೆ ಉಬ್ಬಿತು. ಮೂರನೆಯ ಮ್ಯಾಂಡೊಲಿನ್ನನ್ನು ಮಗುವಿನಂತೆ ಎತ್ತಿ ಹಿಡಿದು, "ನೋಡಿದ್ರಾ? ಗಟ್ಟಿಮರ ಅಂದ್ರೆ ಹಾಗೆ! ಸ್ವಲ್ಪ ಹೊತ್ತು ಕಿವಿಯೊಳಗೆ ನಿಂತು ಆಮೇಲೆ ರುಚಿ ಕೊಡುತ್ತೆ!" ಎಂದರು.

"ಮೂರನೇದಲ್ಲಪ್ಪಾ" ಎಂದಳು ಮಗಳು. "ಅದಾದ್ಮೇಲೆ ನುಡಿಸಿದ್ಯಲ್ಲ, ನಾಲ್ಕನೇದು."

"ನಾಲ್ಕನೇದು ನಾನಿನ್ನೂ ನುಡಿಸೇ ಇಲ್ಲ!"

ಮೂವರೂ ಫ್ರೇಮು ತೆಗೆದರು. ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು. ತೊಡೆಯ ಮೇಲೆ ಅಟ್ಟದ ಹಳೇ ಮ್ಯಾಂಡೊಲಿನ್.

"ನೀವು ಬರೋದು ತಡ ಆಯ್ತು. ಅತ್ತೆ ಎದ್ದುಹೋಗ್ತೀನಿ ಅಂತಿದ್ರು. ಸುಮ್ನೆ ಒಂದ್ಸಲ ನುಡಿಸ್ದೆ" ಎಂದಳು.

"ನಿನಗೆ... ನಿನಗೆ ಹೇಗೆ ಬರುತ್ತೆ?"

"ಹತ್ತು ತಿಂಗಳು ದಿನಾ ಸಂಜೆ ಅದೊಂದೇ ಪಾಠ ತಪ್ಪಾಗಿ ಕೇಳಿ ತಲೆ ಚಿಟ್ಟು ಹಿಡಿದಿತ್ತು ಕಣ್ರೀ. ಸರಿಯಾಗಿದ್ರೆ ಹೇಗಿರುತ್ತೆ ನೋಡೋಣ ಅಂತ, ನೀವು ಅಂಗಡಿಗೆ ಹೋದ್ಮೇಲೆ ಒಂದು ದಿನ ಎತ್ಕೊಂಡೆ. ನಿಮ್ಮ ಪುಸ್ತಕದ ಮೊದಲನೇ ಪುಟದಲ್ಲೇ ಇದೆ: ಬೆರಳು ತಂತಿ ಕೆಳಗಿನ ಲೋಹದ ಮೆಟ್ಟಿನ ಮೇಲೆ ಒತ್ತಬಾರದು, ಅದರ ಹಿಂದೆ ಒತ್ತಬೇಕು. ನೀವು ಓದಿಲ್ವಾ?"

ಓದಿರಲಿಲ್ಲ. ಅಕ್ಷರ ಸಣ್ಣದಿತ್ತು. ಊರಿಗೆಲ್ಲ ಕನ್ನಡಕ ಹಾಕಿಸುವವರು ತಾವು ಹಾಕಿಕೊಳ್ಳಲು ನಾಚಿಕೆ ಪಟ್ಟುಕೊಂಡು ನೇರವಾಗಿ ಎರಡನೆಯ ಪುಟಕ್ಕೆ, ಚಿತ್ರವಿದ್ದಲ್ಲಿಗೆ, ಹಾರಿದ್ದರು.

"ಓಹೋ, ಬೆಳಿಗ್ಗೆ ಹನ್ನೊಂದಕ್ಕೆ ನುಡಿಸೋದು ನೀವಾ ತಾಯಿ?" ಎಂದರು ಮೇಷ್ಟ್ರು. "ನಾನು ರೇಡಿಯೋ ಅಂದ್ಕೊಂಡು ದಿನಾ ಕಿಟಕಿ ತೆಗೆದಿಟ್ಟು ಕೇಳ್ತೀನಿ."

"ಮತ್ತೆ ಸಂಜೆ?" ಯಜಮಾನರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಸಂಜೆ ಮುಚ್ಚಿಡ್ತೀನಿ."

ಯಜಮಾನರು ಸೋಫಾದ ಮೂಲೆಯಲ್ಲಿ ಕುಸಿದರು. ನಿಜ ಹೇಳಬೇಕೆಂದರೆ ಅವರಿಗೆ ಅಳು ಬಂದಿತ್ತು. ಆದರೆ ಆಣೆ ಆಣೆಯೇ. ಮೂರೂ ಚೀಲಗಳ ಜಿಪ್ಪು ಎಳೆದು, ಮರುದಿನ ವಾಪಸು ಕೊಡಲು ಹೊರಟರು. "ನಾನೂ ಬರ್ತೀನಿ ರೀ" ಎಂದು ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. ಹಳೆಯದನ್ನೂ ಹೆಗಲಿಗೆ ಹಾಕಿಕೊಂಡಳು.

ಅಂಗಡಿಯಲ್ಲಿ ಅವಳು ಮೂರನ್ನೂ ಒಂದೊಂದು ನಿಮಿಷ ಮೀಟಿದಳು. ತಂತಿಯ ಎತ್ತರವನ್ನು ಉಗುರಿನಿಂದ ಅಳೆದಳು. "ಇದು ಕೊಡಿ. ಹರಿದಿರೋ ತಂತಿ ಹಾಕಿಬಿಡಿ, ಈ ಕಡೆ ಒಂಚೂರು ತಗ್ಗಿಸಿ" ಎಂದು ನಡುವಿನದನ್ನು ಎತ್ತಿಟ್ಟಳು. ಕೆಲಸ ಅಷ್ಟೇ. ಯಜಮಾನರು ಪರ್ಸು ತೆರೆದರು.

"ಆಣೆ..." ಎಂದು ಮೆಲ್ಲಗೆ ನೆನಪಿಸಿದರು.

"ಅದು ನೀವಿಟ್ಟಿದ್ದು. ನಾನೇನೂ ಇಟ್ಟಿರಲಿಲ್ಲ."

ವಾದ್ಯದಂಗಡಿಯವರು, ಈಗ ಕತ್ತು ಸರಿಯಾಗಿ ಬಗ್ಗಿಸಿ ನೋಡಲು ಕಲಿತವರು, ಹಳೆಯ ಮ್ಯಾಂಡೊಲಿನ್ ಕಡೆ ಕೈ ಚಾಚಿದರು. "ಅಮ್ಮಾ, ಅದನ್ನ ಇಲ್ಲೇ ಬಿಟ್ಟುಹೋಗಿ. ಬೆಲೇಲಿ ಒಂದಿಷ್ಟು ಇಳಿಸಿ ಕೊಡ್ತೀನಿ."

ಯಜಮಾನರ ಮುಖದಲ್ಲಿ ಹತ್ತು ತಿಂಗಳಲ್ಲಿ ಮೊದಲ ಬಾರಿಗೆ ಬೆಳಕು ಕಾಣಿಸಿತು. ವಾದ್ಯವೇ ಇಲ್ಲದ ಮೇಲೆ ತರಗತಿ ಎಲ್ಲಿಯದು, ಹಾಲುಹಲ್ಲಿನ ಮಕ್ಕಳೆಲ್ಲಿಯವರು! ಅವರು ಆತುರಾತುರವಾಗಿ ಚೀಲವನ್ನು ಹೆಂಡತಿಯ ಹೆಗಲಿನಿಂದ ಇಳಿಸಹೋದರು.

ಹೆಂಡತಿ ಚೀಲವನ್ನು ಭದ್ರವಾಗಿ ಹಿಡಿದುಕೊಂಡಳು.

"ಬೇಡ ಅಣ್ಣಾ. ಅದು ಇವರಿಗಿರ್ಲಿ" ಎಂದಳು. "ಕಲಿಯೋರಿಗೆ ಅದೇ ಸಾಕು."