ಬೂದು ಚೌಕ

ಅಂದಿನ ಅನಾಹುತಕ್ಕೆಲ್ಲ ಮೂಲ ಕಾರಣ, ಮೀಟರ್ ರೀಡರ್‌ನ ಫೋನಿನಲ್ಲಿ ಜಾಗ ಇಲ್ಲದಿದ್ದದ್ದು.

ಜಾಗ ಇರುವುದಾದರೂ ಹೇಗೆ? ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ನೋಡಿ ಅಂಕಿ ಬರೆದುಕೊಂಡರೆ ಸಾಲದು, ಪ್ರತಿ ಮೀಟರಿನ ಫೋಟೊವನ್ನೂ ತೆಗೆದಿಟ್ಟುಕೊಳ್ಳಬೇಕೆಂದು ಕಚೇರಿಯ ಆಜ್ಞೆ. ಕಚೇರಿ ಆಜ್ಞೆ ಕೊಟ್ಟಿತ್ತು, ಫೋನು ಕೊಟ್ಟಿರಲಿಲ್ಲ. ಹೀಗಾಗಿ ಅವನ ಸ್ವಂತ ಫೋನಿನಲ್ಲಿ ಊರವರ ಮೀಟರುಗಳೆಲ್ಲ ಬಾಡಿಗೆ ಕೊಡದೆ ಸಂಸಾರ ಹೂಡಿದ್ದವು. ಸ್ವಂತ ಮಗಳ ಫೋಟೊಗೂ ಅಲ್ಲಿ ಒಂದು ಮೂಲೆ ಸಿಕ್ಕಿರಲಿಲ್ಲ. ಬಂದ ಚಿತ್ರಗಳು ತಾವಾಗಿ ಒಳಗೆ ಇಳಿಯದಂತೆ ಅವನು ಬಂದೋಬಸ್ತು ಮಾಡಿಕೊಂಡಿದ್ದ. ಯಾರು ಯಾವ ಚಿತ್ರ ಕಳಿಸಿದರೂ ಅವನಿಗೆ ಕಾಣುತ್ತಿದ್ದುದು ಒಂದು ಬೂದು ಚೌಕ, ಅದರ ನಡುವೆ ಕೆಳಮುಖದ ಬಾಣ. ಬಾಣ ಒತ್ತಿದರೆ ಚಿತ್ರ ತೆರೆದುಕೊಳ್ಳುತ್ತದೆ. ಅವನು ಒತ್ತುತ್ತಿರಲಿಲ್ಲ.

ಆದರೆ ಕೆಲಸದಲ್ಲಿ ಅವನನ್ನು ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಕಣ್ಣಾರೆ ಕಾಣದ ಅಂಕಿಯನ್ನು ಬರೆಯಬಾರದು ಎಂಬುದು ಈ ಕಸುಬಿನ ಮೊದಲ ಪಾಠ, ಕೊನೆಯ ಪಾಠವೂ ಅದೇ. ಒಮ್ಮೆ ಜೇನುಗೂಡಿನ ಹಿಂದೆ ಅವಿತಿದ್ದ ಮೀಟರಿಗೆ ಇಣುಕಿ, ಎಡಗಣ್ಣು ಬೋಂಡದಂತೆ ಊದಿಕೊಂಡಾಗ, ಬಲಗಣ್ಣಿನಿಂದ ಓದಿ ಬರೆದಿದ್ದ. ಹನ್ನೊಂದು ವರ್ಷದಲ್ಲಿ ಒಂದು ಅಂಕಿಯನ್ನೂ ಅಂದಾಜಿನಲ್ಲಿ ಬರೆದವನಲ್ಲ.

ಅಂದು ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಸೂಪರ್‌ವೈಸರ್‌ನಿಂದ ಎರಡು ಸಂದೇಶ ಬಂದವು. ಮೊದಲನೆಯದು ಬೂದು ಚೌಕ. ಅವನು ತೆರೆಯದೆಯೇ ಅದಕ್ಕೊಂದು ಮೆಚ್ಚುಗೆಯ ಹೆಬ್ಬೆರಳು ಒತ್ತಿದ. ಎರಡನೆಯದು ಬರಹ: ‘ನಿನ್ನ ಬೀದಿಯ ತೊಂಬತ್ತಾರು ಮೀಟರ್ ಇವತ್ತು ಐದು ಗಂಟೆಯೊಳಗೆ ಮುಗಿಯಬೇಕು. ಮುಗಿಯದಿದ್ದರೆ ಬೀದಿ ಬೇರೆಯವರಿಗೆ.’ ಬೀದಿ ಬೇರೆಯವರಿಗೆ ಹೋದರೆ ಅವನಿಗೆ ಉಳಿಯುವುದು ಟೋಪಿ ಮತ್ತು ಚೀಲ. ಅವನು ಗುತ್ತಿಗೆ ನೌಕರ.

ಬಾಯಿ ಮುಕ್ಕಳಿಸುವಷ್ಟರಲ್ಲಿ ಮೂರನೆಯದೊಂದು ಬಂತು, ಯಾವುದೋ ಬಡಾವಣೆಯ ಗುಂಪಿನಿಂದ. ಬೂದು ಚೌಕ, ಅದರ ಕೆಳಗೆ ಬರಹ: ‘ಎಚ್ಚರ. ಈ ಫೋಟೊದಲ್ಲಿರುವವನು ಮೀಟರ್ ನೋಡುವ ನೆಪದಲ್ಲಿ ಮನೆಗಳನ್ನು ನೋಡಿಕೊಂಡು ಹೋಗುತ್ತಾನೆ. ನಕಲಿ ಗುರುತಿನ ಚೀಟಿ ತೋರಿಸುತ್ತಾನೆ. ಹಿಂದೆ ದೊಡ್ಡ ತಂಡವಿದೆ. ಕೂಡಲೇ ಎಲ್ಲರಿಗೂ ಕಳಿಸಿ.’

ಅವನಿಗೆ ನಖಶಿಖಾಂತ ಉರಿಯಿತು. “ನೋಡಿದ್ಯೇನೇ, ಕಳ್ಳರು ಈಗ ನಮ್ಮ ವೇಷ ಹಾಕ್ಕೊಂಡು ಓಡಾಡ್ತಿದಾರಂತೆ. ಇಲಾಖೆ ಮರ್ಯಾದೆ ಏನಾಗಬೇಕು?”

ಹೆಂಡತಿ ಮಗಳ ಜಡೆ ಬಿಗಿಯುತ್ತಿದ್ದಳು. “ಫೋಟೊ ತೆಗೆದು ನೋಡಿದ್ರಾ? ಗೊತ್ತಿರೋ ಮುಖ ಇದ್ರೂ ಇರಬಹುದು.”

“ಜಾಗ ಎಲ್ಲಿದೆ? ಬರೆದಿದಾರಲ್ಲ, ಸಾಲದಾ?”

ಬೀದಿಯವರು ಕರೆಂಟು ಹೋದಾಗ ಬೈಯಲು ಅನುಕೂಲವಾಗಲೆಂದು ಅವನನ್ನು ತಮ್ಮ ಐದು ಗುಂಪುಗಳಿಗೆ ಸೇರಿಸಿಕೊಂಡಿದ್ದರು. ಐದಕ್ಕೂ ಕಳಿಸಿದ. ಬರೀ ಕಳಿಸಿದರೆ ಇಲಾಖೆಯ ಮನುಷ್ಯನಾಗಿ ತಾನೇನು ಮಾಡಿದಂತಾಯಿತು ಎಂದು ಕೆಳಗೆ ತನ್ನದೂ ನಾಲ್ಕು ಸಾಲು ಸೇರಿಸಿದ: ‘ಇದು ನೂರಕ್ಕೆ ನೂರು ನಿಜ. ಇವನು ನಮ್ಮವನಲ್ಲ. ಏನು ಹೇಳಿದರೂ ನಂಬಬೇಡಿ. ಕಂಡಲ್ಲಿ ಹಿಡಿದು ಕೂರಿಸಿ. ಇತಿ ನಿಮ್ಮ ಬೀದಿಯ ಮೀಟರ್ ರೀಡರ್.’ ಕೊನೆಗೆ ತನ್ನ ಫೋನ್ ನಂಬರನ್ನೂ ಹಾಕಿದ. ಸಮಾಜಸೇವೆ ಮಾಡಿದ ಸಮಾಧಾನದಲ್ಲಿ ಟೋಪಿ ಹಾಕಿಕೊಂಡು ಹೊರಟ.

ಮೊದಲ ಸಾಲಿನ ಮನೆಗಳವರು ಕೆಲಸಕ್ಕೆ ಹೋಗುವ ಗಡಿಬಿಡಿಯಲ್ಲಿದ್ದರು; ಫೋನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ. ಹನ್ನೊಂದರ ಹೊತ್ತಿಗೆ ಐವತ್ತು ಮೀಟರ್ ಮುಗಿದಿತ್ತು. ಆಮೇಲೆ ಬೀದಿಯ ಹವಾ ಬದಲಾಯಿತು.

ನಿವೃತ್ತ ಟೀಚರಮ್ಮ ಕಿಟಕಿಯಿಂದ ಅವನನ್ನು ನೋಡಿ, ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು, ಫೋನು ನೋಡಿ, ಮತ್ತೆ ಅವನನ್ನು ನೋಡಿ, ಕಿಟಕಿ ಹಾಕಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸದ್ದು ಎರಡು ಸಲ ಕೇಳಿಸಿತು. ಅವನಿಗೆ ಬೇಸರವಾಗಲಿಲ್ಲ. ತನ್ನ ಸಂದೇಶ ಕೆಲಸ ಮಾಡುತ್ತಿದೆ ಎಂದು ಹೆಮ್ಮೆಯೇ ಆಯಿತು. “ಹಾಗೇ ಹುಷಾರಾಗಿರಿ ಟೀಚರ್” ಎಂದು ಕಿಟಕಿಗೆ ಹೇಳಿ, ಮೀಟರ್ ಹೊರಗೋಡೆಯಲ್ಲೇ ಇದ್ದುದರಿಂದ ಫೋಟೊ ತೆಗೆದುಕೊಂಡು ಮುಂದೆ ಹೋದ.

ಮೂರು ಮನೆ ದಾಟಿದರೆ ದರ್ಜಿಯ ಅಂಗಡಿ. ದರ್ಜಿ ಹೊಲಿಗೆ ಯಂತ್ರದಿಂದ ಕಾಲು ತೆಗೆದು ಅವನನ್ನು ಅಳತೆಗೆ ಬಂದ ಗಿರಾಕಿಯಂತೆ ಮೇಲಿಂದ ಕೆಳಗೆ ನೋಡಿದ.

“ಸಂದೇಶ ನೋಡಿದ್ರಾ?” ಮೀಟರ್ ರೀಡರ್ ಕೇಳಿದ.

“ನೋಡ್ದೆ.”

“ಎಲ್ಲಾದ್ರೂ ಕಂಡ್ನಾ ಅವನು?”

ದರ್ಜಿ ಕತ್ತರಿಯನ್ನು ಹತ್ತಿರ ಎಳೆದುಕೊಂಡ. “ಕಂಡ ಹಾಗಿದೆ.”

“ನೋಡೋಕೆ ಹೇಗಿದಾನೆ?”

“ನಿಮ್ಮ ಥರಾನೇ ಇದಾನೆ. ಇದೇ ಟೋಪಿ, ಇದೇ ಚೀಲ. ಬೇಕಾದ್ರೆ ಫೋಟೊ ನೋಡಿ.”

“ನನಗೆ ತೋರಿಸ್ತೀರಾ? ಕಳಿಸಿದವನೇ ನಾನು” ಎಂದು ಮೀಟರ್ ರೀಡರ್ ನಕ್ಕ. “ಅದೇ ನೋಡಿ ಅವರ ಚಾಲಾಕಿ. ಥೇಟ್ ನಮ್ಮ ಹಾಗೇ ಬರ್ತಾರೆ. ಮಾತೂ ನಮ್ಮ ಹಾಗೇ ಆಡ್ತಾರೆ. ಸ್ವಲ್ಪವೂ ಅನುಮಾನ ಬರಲ್ಲ.”

“ಹೌದು, ಬರಲ್ಲ” ಎಂದ ದರ್ಜಿ, ಅವನು ಬೆನ್ನು ತಿರುಗಿಸಿದ ಕೂಡಲೇ ಫೋನು ಕೈಗೆತ್ತಿಕೊಂಡ.

ಬೀದಿಯವರಿಗೆ ಅವನ ಗುರುತು ಸಿಗಲಿಲ್ಲವೇ ಎಂದು ಕೇಳಬಹುದು. ಹನ್ನೊಂದು ವರ್ಷದಿಂದ ಪ್ರತಿ ತಿಂಗಳೂ ಅವರ ಬಾಗಿಲಲ್ಲಿ ನಿಂತವನು. ಆದರೆ ಬಾಗಿಲಲ್ಲಿ ನಿಂತವನ ಕೈಯಲ್ಲಿರುವ ಕಾಗದವನ್ನು ಜನ ನೋಡುತ್ತಾರೆ, ಮುಖವನ್ನಲ್ಲ. ಅವರಿಗೆ ಗೊತ್ತಿದ್ದುದು ‘ಕರೆಂಟ್’ ಎಂಬ ಒಂದು ಕೂಗು, ಚಾಚಿದ ಒಂದು ಕೈ. ಅವನ ಮುಖವನ್ನು ಆ ಬೀದಿ ಗಮನವಿಟ್ಟು ನೋಡಿದ್ದು ಅದೇ ಮೊದಲು, ಅದೂ ಕಳ್ಳನದೆಂದು.

ಐವತ್ತೈದನೆಯ ಮೀಟರ್ ಮುಗಿಸಿ ಅವನು ಬೀದಿಯ ಕೊನೆಯ ಅಪಾರ್ಟ್‌ಮೆಂಟಿಗೆ ಬಂದ. ಉಳಿದ ನಲವತ್ತೊಂದೂ ಅಲ್ಲೇ, ಒಂದೇ ಗೋಡೆಯ ಮೇಲೆ, ತರಗತಿಯ ಮಕ್ಕಳಂತೆ ಸಾಲಾಗಿ ಕೂತಿದ್ದವು. ಅರ್ಧ ಗಂಟೆಯ ಕೆಲಸ. ಒಳಗೆ ಕಾಲಿಟ್ಟ, ಹಿಂದೆ ಗೇಟು ಮುಚ್ಚಿತು.

“ಸಿಕ್ಕಿದಾನೆ ಬನ್ನಿ” ಎಂದು ಕಾವಲುಗಾರ ಮಹಡಿಯತ್ತ ಕೂಗಿದ.

“ಸಿಕ್ಕಿದ್ನಾ? ಎಲ್ಲಿ?” ಎಂದು ಮೀಟರ್ ರೀಡರೂ ಉತ್ಸಾಹದಿಂದ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಎರಡು ನಿಮಿಷದಲ್ಲಿ ಅವನನ್ನು ಜನರೇಟರ್ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಆಗಿತ್ತು. ಸುತ್ತ ಹತ್ತು ಹನ್ನೆರಡು ಜನ. ಅವರಲ್ಲಿ ದರ್ಜಿ, ಟೀಚರಮ್ಮ, ಮುಂದೆ ನಿವಾಸಿಗಳ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಜೀವಮಾನವಿಡೀ ಇಂಥದೊಂದು ಸಭೆಗೆ ಕಾದಿದ್ದವನಂತೆ ಗಂಟಲು ಸರಿಮಾಡಿಕೊಂಡ.

“ಯಾರು ನೀನು?”

“ಮೀಟರ್ ರೀಡರ್ ಸಾರ್.”

“ಎಲ್ಲರೂ ಹಾಗೇ ಹೇಳೋದು.” ಕಾರ್ಯದರ್ಶಿ ತನ್ನ ಫೋನನ್ನು ಅವನ ಮೂಗಿನ ಮುಂದೆ ಹಿಡಿದ.

ಬೂದು ಚೌಕದ ಒಳಗೆ ಏನಿತ್ತು ಎಂಬುದನ್ನು ಅವನು ಆಗ ಕಂಡ. ಯಾರದೋ ಕಾಂಪೌಂಡಿನ ಮೇಲೆ ಹೊಟ್ಟೆಯಿಟ್ಟು ಜೋತಾಡುತ್ತ, ಬಾಯಲ್ಲಿ ಪೆನ್ನು ಕಚ್ಚಿಕೊಂಡು, ಗಿಡದ ಸಂದಿಯಿಂದ ಕತ್ತು ಚಾಚಿದ್ದ ಮನುಷ್ಯ. ಮೊನ್ನೆ ಪಕ್ಕದ ಬಡಾವಣೆಯಲ್ಲಿ ರಜೆಯಲ್ಲಿದ್ದವನ ಬದಲಿಗೆ ಹೋಗಿದ್ದಾಗ, ಬೀಗ ಹಾಕಿದ ಮನೆಯ ಮೀಟರನ್ನು ಕಣ್ಣಾರೆ ಕಂಡೇ ಬರೆಯಬೇಕೆಂದು ಅವನು ಪಟ್ಟ ಪಾಡು ಅದು. ಯಾರೋ ಮಹಡಿಯಿಂದ ತೆಗೆದಿದ್ದರು.

“ಇದು ನಾನೇ” ಎಂದ.

“ಒಪ್ಕೊಂಡ” ಎಂದ ದರ್ಜಿ.

“ಅಲ್ಲ, ನಾನೇ, ಆದ್ರೆ ನಾನು ನಿಜವಾದ ಮೀಟರ್ ರೀಡರ್.”

“ನಿಜವಾದ ಮೀಟರ್ ರೀಡರೇ ಬರೆದಿದಾರಲ್ಲಪ್ಪ” ಎಂದು ಟೀಚರಮ್ಮ ಗಟ್ಟಿಯಾಗಿ ಓದಿದರು: “‘ಇವನು ನಮ್ಮವನಲ್ಲ. ಏನು ಹೇಳಿದರೂ ನಂಬಬೇಡಿ.’ ಇಲಾಖೆಯವರು ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ನಿನ್ನ ಮಾತು ಯಾಕೆ ಕೇಳಬೇಕು?”

“ಅದನ್ನ ಬರೆದಿದ್ದು ನಾನು ಟೀಚರ್.”

“ಹಾಗಾದ್ರೆ ನೀನು ಬರೆದಿದ್ದು ನಿಜವೋ ಸುಳ್ಳೋ?”

ನಿಜ ಎಂದರೆ ಕಳ್ಳ, ಸುಳ್ಳು ಎಂದರೆ ಸುಳ್ಳುಗಾರ. ಅವನು ಗುರುತಿನ ಚೀಟಿ ತೆಗೆದು ಕೊಟ್ಟ. ಅದರಲ್ಲಿ ತಲೆತುಂಬ ಕೂದಲಿದ್ದ ಯುವಕನೊಬ್ಬ ಭವಿಷ್ಯವನ್ನು ನಂಬಿದವನಂತೆ ನಗುತ್ತಿದ್ದ.

“ನಕಲಿ ಚೀಟಿ ತೋರಿಸ್ತಾನೆ ಅಂತ ಮೊದಲೇ ಬರೆದಿದಾರೆ” ಎಂದು ಕಾರ್ಯದರ್ಶಿ ಚೀಟಿಯನ್ನು ಜೇಬಿಗಿಳಿಸಿದ. “ಬನ್ನಿ, ಅವರನ್ನೇ ಕೇಳೋಣ. ಕೆಳಗೆ ನಂಬರ್ ಕೊಟ್ಟಿದಾರೆ.”

ನಂಬರು ಒತ್ತಿದ. ಕುರ್ಚಿಯಲ್ಲಿ ಕೂತವನ ಜೇಬು ಹಾಡತೊಡಗಿತು.

ಈಗಲಾದರೂ ಅರ್ಥವಾಯಿತಲ್ಲ ಎಂದು ಅವನು ಎಲ್ಲರ ಮುಖ ನೋಡಿದ. ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಅಯ್ಯೋ ಪಾಪಿ, ಅವರ ಫೋನ್ ನಿನ್ನ ಹತ್ರ ಹೇಗೆ ಬಂತು? ಆ ಪುಣ್ಯಾತ್ಮನ್ನ ಏನು ಮಾಡ್ದೆ?”

“ತುಂಬ ಒಳ್ಳೆಯವರು ಆ ಮೀಟರ್ ರೀಡರು” ಎಂದ ದರ್ಜಿ, ದನಿ ಗದ್ಗದವಾಗಿತ್ತು. “ಬೆಳಿಗ್ಗೆ ಕೂಡ ನಮ್ಮನ್ನೆಲ್ಲ ಎಚ್ಚರಿಸಿದ್ರು.”

ಹನ್ನೊಂದು ವರ್ಷದಲ್ಲಿ ಒಂದು ಲೋಟ ನೀರು ಬೇಕೇ ಎಂದು ಕೇಳದ ಬೀದಿ ಅವನಿಗಾಗಿ ಕಣ್ಣೀರು ಹಾಕಿತು, ಅವನ ಎದುರಿಗೇ. ಕಾರ್ಯದರ್ಶಿ ಅವನ ಫೋನನ್ನು ಸಾಕ್ಷಿಯೆಂದು ಕಿತ್ತುಕೊಂಡ. ಐದು ನಿಮಿಷದಲ್ಲಿ ಹೊಸ ಸಂದೇಶ ಹೊರಟಿತು: ‘ನಮ್ಮ ಬೀದಿಯ ಪ್ರಾಮಾಣಿಕ ಮೀಟರ್ ರೀಡರ್ ಕಾಣೆಯಾಗಿದ್ದಾರೆ. ದುಷ್ಕರ್ಮಿ ಅಪಾರ್ಟ್‌ಮೆಂಟಿನಲ್ಲಿ ಸೆರೆ.’

ಅದು ಎಲ್ಲೆಲ್ಲಿ ಸುತ್ತಿತೋ, ಮೂರೂವರೆಗೆ ಅವನ ಹೆಂಡತಿಯ ಕೈಸೇರಿತು. ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್‌ನಲ್ಲಿ ಅರ್ಧಕ್ಕೇ ಸೂಜಿ ಬಿಟ್ಟು ಅವಳು ಓಡಿ ಬಂದಾಗ ನಾಲ್ಕಾಗಿತ್ತು.

“ಇವರೇ ನಮ್ಮ ಯಜಮಾನ್ರು” ಎಂದಳು, ಏದುಸಿರು ಬಿಡುತ್ತ.

“ನೀವು ಇವನ ತಂಡದವರಲ್ಲ ಅನ್ನೋದಕ್ಕೆ ಏನು ಸಾಕ್ಷಿ?” ಎಂದು ಕಾರ್ಯದರ್ಶಿ ಕೇಳಿದ.

ಅವಳು ಕುರ್ಚಿಯ ಕಡೆ ತಿರುಗಿದಳು. “ಬೆಳಿಗ್ಗೆ ಬಾಯಿ ಬಡ್ಕೊಂಡೆ, ಫೋಟೊ ತೆಗೆದು ನೋಡಿ ಅಂತ. ಕೇಳಿದ್ರಾ? ಮೊದಲಿಂದ ಇದೇ. ಹೆಣ್ಣು ನೋಡೋಕೆ ಬಂದಾಗ್ಲೂ ಗೋಡೆ ಮೇಲಿನ ಮೀಟರ್ ನೋಡ್ಕೊಂಡು ಕೂತಿದ್ರಿ. ಊರವರ ಮನೆ ಅಂಕಿ ಎಲ್ಲ ಕಣ್ಣಿಗೆ ಬೀಳುತ್ತೆ, ನಿಮ್ಮ ಮೂತಿ ನಿಮಗೆ ಬೀಳಲ್ಲ.”

ಹೀಗೆ ಏಳು ನಿಮಿಷ ನಡೆಯಿತು. ಮೂರನೆಯ ನಿಮಿಷಕ್ಕೇ ಜನರಿಗೆ ನಂಬಿಕೆ ಬಂದಿತ್ತು. ಇಂಥದ್ದನ್ನು ಯಾವ ತಂಡವೂ ನಕಲಿ ಮಾಡಲಾರದು. ಕಾರ್ಯದರ್ಶಿ ಚೀಟಿ, ಫೋನು ಎರಡನ್ನೂ ವಾಪಸು ಕೊಟ್ಟ.

“ಆ ಸಂದೇಶ ಸುಳ್ಳು ಅಂತ ಎಲ್ಲರಿಗೂ ತಿಳಿಸಿ ಸಾರ್” ಎಂದ ಮೀಟರ್ ರೀಡರ್.

ಟೀಚರಮ್ಮ ಅಲ್ಲೇ ತಿಳಿಸಿದರು. ಕಳ್ಳನ ಸಂದೇಶ ಬೆಳಿಗ್ಗೆಯಿಂದ ಊರನ್ನು ಏಳು ಸುತ್ತು ಹಾಕಿತ್ತು. ತಿದ್ದುಪಡಿಗೆ ಎರಡು ಹೆಬ್ಬೆರಳು ಬಂದವು. ಒಂದು ಟೀಚರಮ್ಮನದೇ.

ಆಗ ನಾಲ್ಕೂ ಇಪ್ಪತ್ತು. ನಲವತ್ತೊಂದು ಮೀಟರ್ ಕಣ್ಣೆದುರಿಗೇ ಇದ್ದವು. ಅವನು ಫೋನು ತೆಗೆದು ಮೊದಲನೆಯದಕ್ಕೆ ಹಿಡಿದ. ದಿನವಿಡೀ ಬಂದ ಕರೆಗಳಿಗೆ ಬ್ಯಾಟರಿ ಪ್ರಾಣ ಬಿಡುವುದರಲ್ಲಿತ್ತು, ಅಷ್ಟರಲ್ಲಿ ಸೂಪರ್‌ವೈಸರ್‌ನ ಸಂದೇಶವೊಂದು ಮಿಂಚಿತು: ‘ಕೂಡಲೇ ಕಚೇರಿಗೆ ಬಾ.’

ಹೆಂಡತಿಯ ಜೊತೆ ಕಚೇರಿಗೆ ಹೋದಾಗ ಐದಾಗಲು ಹತ್ತು ನಿಮಿಷ. ಬಾಗಿಲಲ್ಲಿ ಹೊಸ ಭಿತ್ತಿಪತ್ರ ಅಂಟಿಸಿದ್ದರು: ‘ಡಿಜಿಟಲ್ ಜಾಗೃತಿ ವಾರ. ನೋಡಿ, ಯೋಚಿಸಿ, ಆಮೇಲೆ ಕಳಿಸಿ.’ ಬೆಳಿಗ್ಗೆ ತಾನು ಹೆಬ್ಬೆರಳು ಒತ್ತಿದ ಬೂದು ಚೌಕ ಇದೇ ಎಂದು ಅವನಿಗೆ ಹೊಳೆಯಿತು.

ಸೂಪರ್‌ವೈಸರ್ ಎದ್ದು ನಿಂತು ಕೈಕುಲುಕಿದ. ಹನ್ನೊಂದು ವರ್ಷದಲ್ಲಿ ಆತ ಎದ್ದು ನಿಂತದ್ದು ಇದೇ ಮೊದಲು.

“ಬಾರಯ್ಯ. ಪ್ರತಿ ಶಾಖೆಯಿಂದ ಒಬ್ಬ ಜಾಗೃತ ನೌಕರನ ಹೆಸರು ಕಳಿಸಿ ಅಂತ ಮೇಲಿನಿಂದ ಪ್ರಾಣ ತಿಂತಿದ್ರು. ನಿನ್ನ ಸಂದೇಶ ಕಳಿಸಿದೆ. ಕಳ್ಳನ ಸುಳಿವು ಕೊಟ್ಟು ಬೀದಿ ಉಳಿಸಿದೀಯ. ‘ಸ್ವತಃ ಪರಿಶೀಲಿಸಿದ್ದೇನೆ’ ಅಂತ ನಾನೇ ಸಹಿ ಹಾಕಿದೀನಿ. ಆಮೇಲೆ ನೀನು ಕಾಣೆ ಅಂತಲೂ ಬಂತು, ನಾನು ನಂಬಲಿಲ್ಲ. ಮೀಟರ್ ಬಾಕಿ ಇಟ್ಟು ಕಾಣೆಯಾಗೋ ಪೈಕಿ ಅಲ್ಲ ನೀನು.”

“ನಲವತ್ತೊಂದು ಬಾಕಿ ಇದೆ ಸಾರ್.”

“ನಾಳೆ ಮಾಡ್ಕೋ. ಬೀದಿ ನಿನ್ನದೇ.”

ಮೀಟರ್ ರೀಡರ್‌ಗೆ ಹೋದ ಜೀವ ಬಂತು. ಮೇಜಿನ ಮೇಲಿದ್ದ ಸೂಪರ್‌ವೈಸರ್‌ನ ಫೋನಿನತ್ತ ಕಣ್ಣು ಹಾಯಿಸಿದ. ಅಲ್ಲಿ ಅವನದೇ ಸಂದೇಶ ತೆರೆದಿತ್ತು. ಅದರ ಮೇಲೆ ಬೂದು ಚೌಕ, ನಡುವೆ ಬಾಣ. ಆತನೂ ಒತ್ತಿರಲಿಲ್ಲ.

“ಬರ್ತೀನಿ ಸಾರ್” ಎಂದು ಅವನು ಅವಸರವಾಗಿ ಎದ್ದ.

“ಇರು. ಕಳ್ಳನ ಫೋಟೊ ಬಾಗಿಲಿಗೆ ಅಂಟಿಸಬೇಕಂತೆ” ಎಂದು ಸೂಪರ್‌ವೈಸರ್ ಬಾಣ ಒತ್ತಿದ.

ಸಣ್ಣದೊಂದು ಚಕ್ರ ತಿರುಗತೊಡಗಿತು. ಮೊದಲು ಕಾಂಪೌಂಡು ಕಂಡಿತು. ಆಮೇಲೆ ಚೀಲ. ಆಮೇಲೆ ಟೋಪಿ. ಮೀಟರ್ ರೀಡರ್ ತಲೆಯ ಮೇಲಿನ ಟೋಪಿ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡ.

ಸೂಪರ್‌ವೈಸರ್ ಫೋಟೊ ನೋಡಿದ. ಅವನನ್ನು ನೋಡಿದ. ತಾನು ಸಹಿ ಹಾಕಿದ ಕಾಗದದ ಪ್ರತಿಯನ್ನು ಬಹಳ ಹೊತ್ತು ನೋಡಿದ. ಎದ್ದು ಹೋಗಿ ಬಾಗಿಲು ಹಾಕಿ ಬಂದ.

“ಇವನು ನಮ್ಮವನಲ್ಲ ಅಂತ ಬರೆದಿದ್ದು ನೀನು.”

“ಹೌದು ಸಾರ್.”

“ಪರಿಶೀಲಿಸಿದೀನಿ ಅಂತ ಸಹಿ ಹಾಕಿದ್ದು ನಾನು. ಅದು ಆಗ್ಲೇ ಮುಖ್ಯ ಕಚೇರಿ ಮುಟ್ಟಿದೆ. ಅಂದ ಮೇಲೆ ಇವನು ನಮ್ಮವನಲ್ಲ.”

“ಹಾಗಾದ್ರೆ ನನ್ನ ಗತಿ ಸಾರ್?”

“ನಿನಗೇನಯ್ಯ, ನೀನು ಮಾದರಿ ನೌಕರ. ನಿನ್ನ ಕೂದಲೂ ಕೊಂಕಲ್ಲ” ಎಂದು ಸೂಪರ್‌ವೈಸರ್ ಫೋಟೊದ ಮೇಲೆ ಬೆರಳಿಟ್ಟ. “ಇವನು ಮಾತ್ರ ನಾಳೆಯಿಂದ ಬೀದಿಯಲ್ಲಿ ಕಾಣಿಸ್ಕೋಬಾರದು.”

ಹೊರಗೆ ಹೆಂಡತಿ ಕಾಯುತ್ತಿದ್ದಳು. ಅವನು ಮೆಟ್ಟಿಲಿಳಿಯುವಾಗ ಫೋನು ಕೊನೆಯ ಉಸಿರಿನಲ್ಲಿ ಕುಂಯ್ ಎಂದಿತು. ಮುಖ್ಯ ಕಚೇರಿಯಿಂದ ಪ್ರಶಸ್ತಿ ಪತ್ರ ಬಂದಿತ್ತು, ಚಿತ್ರದ ರೂಪದಲ್ಲಿ. ಹೆಂಡತಿ ಬಗ್ಗಿ ನೋಡಿದಳು. ಬೂದು ಚೌಕ.

“ಇದನ್ನಾದ್ರೂ ತೆಗೆದು ನೋಡಿ” ಎಂದಳು.

ಅವನು ಬಾಣವನ್ನು ಗಟ್ಟಿಯಾಗಿ ಒತ್ತಿದ.

‘ಜಾಗವಿಲ್ಲ’ ಎಂದಿತು ಫೋನು.