ಹಿನ್ನೀರಿನೊಳಗಿನ ಬದು

ಹಗ್ಗದ ಗಂಟಿಗೆ ಒಂದು ಮೀನಿನ ಹುರುಪೆ ಅಂಟಿದೆ. ಹೊಲ ಅಳೆಯುವ ಹಗ್ಗಕ್ಕೆ ಮೀನಿನ ಹುರುಪೆ ಅಂಟುವುದು, ನನಗೆ ಗೊತ್ತಿರುವಂತೆ, ಜಗತ್ತಿನಲ್ಲಿ ನಮ್ಮ ಆಯಿಯ, ಅಪ್ಪನ ಅವ್ವನ, ಹಗ್ಗಕ್ಕೆ ಮಾತ್ರ! ಅವಳ ಹೊಲ ಇರುವುದು ಹಿಡಕಲ್ ಅಣೆಕಟ್ಟಿನ ಹಿನ್ನೀರಿನೊಳಗೆ.

ಹುಕ್ಕೇರಿ ಸೀಮೆಯ ಆ ಊರು ಮುಳುಗಿದಾಗ ಆಯಿ ಹೊಸ ಸೊಸೆ. ಕೊಣ್ಣೂರಿಗೆ ಬಂದು ಮುದುಕಿಯಾದರೂ, ಇಲ್ಲಿ ನಮ್ಮದೇ ಹೊಲದಲ್ಲಿ ಬೆಳೆದ ಜೋಳವನ್ನು ಈಗಲೂ "ಅಂಗಡಿ ಜ್ವಾಳ" ಎನ್ನುತ್ತಾಳೆ!

ಬೇಸಿಗೆಯಲ್ಲಿ ನೀರು ಇಳಿದ ಕೂಡಲೇ ಹಗ್ಗ ಹಿಡಿದು ಹೊರಡುತ್ತಾಳೆ. ಬಿತ್ತುವುದಕ್ಕಲ್ಲ, ಜಗಳಕ್ಕೆ! ಬಾಜೂ ಹೊಲದ ಅಜ್ಜ, ನಮಗೆಲ್ಲ ಮುತ್ಯಾ, ಮೂಡಲಗಿಯಿಂದ ಅದೇ ಕೆಲಸಕ್ಕೆ ಬಂದಿರುತ್ತಾರೆ. ನಡುವಿನ ಬದು ಎಲ್ಲಿತ್ತು ಎಂಬುದೇ ತಕರಾರು. ಹೊಲ ಈಗ ಸರಕಾರದ್ದು, ನಿಮ್ಮಿಬ್ಬರದೂ ಅಲ್ಲ ಎಂದು ಒಮ್ಮೆ ಹೇಳಿದೆ. ಇಬ್ಬರೂ ಒಟ್ಟಿಗೇ ನನ್ನ ಮೇಲೆ ಬಿದ್ದರು. ಅವರಿಬ್ಬರ ಮತ ಕೂಡಿದ್ದು ಅದೊಂದೇ ಸಲ.

"ಅಣ್ಣಾರ, ಕಾಲ ತಗೀರಿ. ನನ್ನ ಮೆಣಸಿನಗಿಡ ತುಳದೀರಿ."

ಅಲ್ಲಿರುವುದು ಬರೀ ಕೆಸರು!

"ಇಲ್ಲಿದ್ದದ್ದು ನನ್ನ ಜ್ವಾಳ, ತಂಗಿ. ನಿನ್ನ ಎಮ್ಮಿ ಮೇದ ಜ್ವಾಳ!"

"ನನ್ನ ಎಮ್ಮಿ ಬಾಳ ಸಂಭಾವಿತ ಐತ್ರಿ. ನಿಮ್ಮ ಜ್ವಾಳ ಮೂಸೂದೂ ಇಲ್ಲ!"

ಆ ಎಮ್ಮೆ ನನ್ನ ಅಪ್ಪ ಹುಟ್ಟುವ ಮೊದಲೇ ಸತ್ತಿದೆ.

ಊಟಕ್ಕೆ ಮಾತ್ರ ತಕರಾರಿನ ಜಾಗದ ಮೇಲೆಯೇ ಕೂರುತ್ತಾರೆ. ಅಲ್ಲಿ ಯಾರು ಯಾರಿಗೆ ಅತಿಥಿ ಎಂಬ ಪ್ರಶ್ನೆಯೇ ಇಲ್ಲವಲ್ಲ! ಎಳೆಯ ತೆನೆ ಸುಟ್ಟು ಸೀತನಿ ತಿಂದದ್ದು, ಯಾರ ಬಾವಿಯ ನೀರು ಸಿಹಿ ಇತ್ತು ಎಂಬುದು, ಎಲ್ಲ ಆಗ ಬರುತ್ತದೆ. ಅದರಲ್ಲೂ ಎರಡು ಪಕ್ಷ.

ಈ ವರ್ಷ ಮುತ್ಯಾನನ್ನು ಮಗ ಕೈಹಿಡಿದು ಕರೆತಂದ. ಆಯಿ ಹುಮ್ಮಸ್ಸಿನಿಂದ ಹಗ್ಗ ಬಿಚ್ಚಿ, ಬೇಕೆಂದೇ ಅವರ ಹೊಲದೊಳಗೆ ಹೋಗಿ ನಿಂತಳು.

ಮುತ್ಯಾ ನಕ್ಕರು. "ಎಲ್ಲಾ ನಿಂದ ಇರಬೇಕ ಬಿಡವ್ವಾ. ಇದ್ಯಾವ ಊರು?"

ಆಯಿ ಗೆದ್ದಿದ್ದಳು! ಅವರ ತೋಳು ಹಿಡಿದು ಅಲುಗಿಸಿದಳು. "ಹಂಗಂದ್ರ ಹೆಂಗ್ರಿ ಅಣ್ಣಾರ! ಇಲ್ಲೀಮಟಾ ನಿಮ್ದ ಐತಿ! ನನ್ನ ಎಮ್ಮಿ ಮೇದದ್ದೂ ಖರೆ! ಬೈರಿ ನನಗ!"

"ಮೂಕಪ್ರಾಣಿ, ಮೇಯ್ಲಿ ಬಿಡವ್ವಾ."

ರೊಟ್ಟಿಯ ಗಂಟು ಬಿಚ್ಚದೆಯೇ ಮನೆಗೆ ಬಂತು. "ಆ ಊರ ಕಂಡಾವ್ರು ಅವ್ರೊಬ್ರ ಉಳದಿದ್ರು," ಎಂದಳು ಆಯಿ. "ಇನ್ನ ಯಾರ ಕೂಡ ಜಗಳಾ ಮಾಡ್ಲಿ?"

ಜೋರಾಗಿ ಮಾತಾಡುವುದು ನನಗೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಚಹಾ ಕೊಟ್ಟು ಅವಳೆದುರು ಕೂತೆ. "ಆಯಿ, ಆ ಜಾಗಾ ಮುತ್ಯಾಂದು. ಅಲ್ಲಂದ್ರ ಬದು ಎಲ್ಲಿತ್ತು, ತೋರಸು," ಎಂದೆ. ಜಗಳಕ್ಕೆ ಆ ದನಿ ಸಾಲಲಿಲ್ಲ. ಎದ್ದು ನಿಂತು, ಓಣಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಕೂಗಿದೆ.