ಎಂಜಲು ಬೆರಳಿನ ಬ್ರೌಸರ್

ನಮ್ಮ ದೊಡ್ಡಪ್ಪನ ಬಲಗೈ ತೋರುಬೆರಳು ಕೆಲಸಕ್ಕೆ ಸೇರಿದ ದಿನದಿಂದ ಒಣಗಿಯೇ ಇರಲಿಲ್ಲ! ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಡೀ ಸರ್ವೀಸು ಫೈಲು ತಿರುವಿದವರು. ಲಗ್ನಪತ್ರಿಕೆಯಾಗಲಿ, ಗೋಡೆಯ ಕ್ಯಾಲೆಂಡರಾಗಲಿ, ಮೊದಲು ಬೆರಳು ನಾಲಿಗೆಗೆ, ಆಮೇಲೆ ಹಾಳೆಗೆ. ಇಂಥವರ ಕೈಗೆ ಟ್ಯಾಬ್ ಕೊಟ್ಟ ಮಹಾನುಭಾವ ನಾನೇ.

ಕೊಡದೆ ಏನು ಮಾಡಲಿ? ಆಪರೇಷನ್ ಆದ ಮೇಲೂ ದೊಡ್ಡಮ್ಮನ ಕಣ್ಣಿಗೆ ಸಣ್ಣ ಅಕ್ಷರ ಕಾಣಿಸಲಿಲ್ಲ. ವಾರಪತ್ರಿಕೆಯ ಧಾರಾವಾಹಿ ಅರ್ಧಕ್ಕೇ ನಿಂತಿತು. ದೊಡ್ಡಪ್ಪ ಓದಿ ಹೇಳಲು ಹೋದರೆ, "ನೀವು ಓದಿದ್ರೆ ಸಸ್ಪೆನ್ಷನ್ ಆರ್ಡರ್ ಓದ್ದಂಗಿರುತ್ತೆ. ನಂಗೆ ನಾನೇ ಓದ್ಕೋಬೇಕು" ಎಂದು ಪತ್ರಿಕೆ ಮಡಚಿಟ್ಟುಬಿಟ್ಟರು. ಮತ್ತೆ ಮುಟ್ಟಲಿಲ್ಲ. ಆ ಧಾರಾವಾಹಿ ವೆಬ್‌ಸೈಟಿನಲ್ಲೂ ಬರುತ್ತದೆ, ಅಕ್ಷರ ದೊಡ್ಡದು ಮಾಡಬಹುದು ಎಂದು ಗೊತ್ತಾದದ್ದೇ ತಡ, ದೊಡ್ಡಪ್ಪ ಪಟ್ಟು ಹಿಡಿದರು. ಅವಳು ಓದಲೇಬೇಕು, ಟ್ಯಾಬ್ ಬಳಸುವುದನ್ನು ತಾನೇ ಕಲಿತು ಅವಳಿಗೆ ತೋರಿಸಬೇಕು!

ತ್ಯಾಗರಾಜನಗರದ ಅವರ ಮನೆಗೆ ಹೋಗಿ, ಎಲ್ಲವೂ ಬೆರಳಲ್ಲೇ ನಡೆಯುವ, ದಪ್ಪ ದಪ್ಪ ಗುಂಡಿಗಳ ಹೊಸ ಬ್ರೌಸರ್ ಹಾಕಿಕೊಟ್ಟೆ. "ಸುಮ್ನೆ ಮುಟ್ಟಿದ್ರೆ ಸಾಕು ದೊಡ್ಡಪ್ಪ" ಎಂದೆ. ಮುಟ್ಟಿದರು, ಎಂಜಲು ಸಮೇತ! ಒದ್ದೆಯಾದ ಸ್ಕ್ರೀನು ಗಾಬರಿಬಿದ್ದು ಧಾರಾವಾಹಿಯಿಂದ ಪಂಪ್‌ಸೆಟ್ ಜಾಹೀರಾತಿಗೆ ಹಾರಿತು. ಎರಡು ಪಂಪ್‌ಸೆಟ್ ಬುಕ್ ಆಗುವಷ್ಟರಲ್ಲಿ ಕಿತ್ತುಕೊಂಡೆ.

"ಒಣ ಬೆರಳಲ್ಲಿ ಸರಿಸಿ ದೊಡ್ಡಪ್ಪ."

"ಒಣ ಬೆರಳಲ್ಲಿ ಹಾಳೆ ತಿರುಗುತ್ತೇನೋ? ನಂಗೇ ಹೇಳ್ಕೊಡ್ತೀಯಾ?"

ಆದರೆ ಸೋಲುವ ಆಸಾಮಿಯೇ ಅವರು? ಬೆರಳು ಚೀಪುವ ಮಕ್ಕಳಿಗೆ ಹಚ್ಚುತ್ತಾರಲ್ಲ, ಹಾಗೆ ತಮ್ಮ ಬೆರಳಿಗೆ ತಾವೇ ಬೇವಿನಸೊಪ್ಪಿನ ರಸ ಹಚ್ಚಿಕೊಂಡರು! ಮೂರು ದಿನ ಅವರ ಮುಖ ನೋಡಿದವರಿಗೂ ಬಾಯಿ ಕಹಿಯಾಯಿತು. ನಾಲ್ಕನೆಯ ದಿನ ಬೆರಳು ಒಣಗಿತು.

ವಾರ ಕಳೆದು ಫೋನು. "ಲೋ, ಇದು ಸುಳ್ಳು ಹೇಳ್ತಿದೆ ಕಣೋ! ಮನೇಲಿರೋದು ಒಂದೇ ಟ್ಯಾಬು. ಇಲ್ಲಿ ಎಂಬತ್ನಾಲ್ಕು ಟ್ಯಾಬ್ ಅಂತ ತೋರಿಸ್ತಿದೆ!"

ಗವಿಪುರಂನ ನಮ್ಮ ಮನೆಯಿಂದ ಓಡಿದೆ. ನೋಡಿದರೆ, ಬ್ರೌಸರ್ ಟ್ಯಾಬ್ ಎನ್ನುತ್ತಿದ್ದುದು ತೆರೆದ ಪುಟಗಳನ್ನು; ಒಂದನ್ನೂ ಮುಚ್ಚಿಲ್ಲ. ಟ್ಯಾಬು ಏದುಸಿರು ಬಿಡುತ್ತಿತ್ತು.

"ಬೇಡದ್ದನ್ನ ಕ್ಲೋಸ್ ಮಾಡ್ಬೇಕಲ್ವಾ?"

"ಫೈಲ್ ಕ್ಲೋಸ್ ಮಾಡೋಕೆ ನಾನ್ಯಾರೋ? ಮೇಲಿನವರ ಆರ್ಡರ್ ಬೇಡ್ವಾ?"

ಕೊನೆಗೆ ಬಿಳಿ ಹಾಳೆಯ ಮೇಲೆ 'ಮುಕ್ತಾಯಗೊಳಿಸಲು ಅನುಮತಿಸಿದೆ' ಎಂದು ಬರೆದು ಸಹಿ ಹಾಕಿದೆ. ತಿರುಗಿಸಿ ಮುರುಗಿಸಿ ನೋಡಿ, "ಸೀಲ್ ಎಲ್ಲಿ?" ಎಂದರು!

ಎಂಬತ್ತಮೂರು ಪುಟ ಮುಚ್ಚಿದ ಮೇಲೆ ಧಾರಾವಾಹಿಯೊಂದೇ ಉಳಿಯಿತು. ದೊಡ್ಡಪ್ಪ ಎರಡು ಬೆರಳಿಟ್ಟು ಅಗಲಿಸಿದರು. ಅಕ್ಷರಗಳು ಇಡ್ಲಿಯಷ್ಟಾದವು. ದೊಡ್ಡಮ್ಮ ಅಡುಗೆಮನೆಯಿಂದ ಬಂದು, ಕನ್ನಡಕ ಒರೆಸಿ, ಮುಖ ಹತ್ತಿರ ತಂದರು. ದೊಡ್ಡಪ್ಪ ಎರಡೂ ಬೆರಳು ಸಿದ್ಧವಾಗಿಟ್ಟುಕೊಂಡು ನಿಂತಿದ್ದರು.

"ಕಾಣಿಸ್ತಿದೆ ಕಣ್ರೀ" ಎಂದರು ದೊಡ್ಡಮ್ಮ.

"ಇನ್ನೂ... ದೊಡ್ಡದು ಮಾಡ್ಲಾ?" ಎಂದು ದೊಡ್ಡಪ್ಪ ಕೇಳಿದರು. ಇಷ್ಟು ವರ್ಷದಲ್ಲಿ ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದೊಡ್ಡಮ್ಮ ಪಕ್ಕದ ಕುರ್ಚಿ ಎಳೆದರು.

"ಸಾಕು, ಬನ್ನಿ, ಕೂತ್ಕೊಳ್ಳಿ. ಮೊದಲಿಂದ ಓದ್ತೀನಿ, ನೀವೂ ಕೇಳಿ."